ಊದುಗೊಳವೆಯ ಹಣೆ

ವಿಜಯದಶಮಿಯ ಮಾರನೆಯ ಬೆಳಿಗ್ಗೆ ರಾಜಾಜಿನಗರದ ಕೈಗಾರಿಕಾ ವಸಾಹತಿನ ರಸ್ತೆಗಳಲ್ಲಿ ಒಡೆದ ಬೂದುಗುಂಬಳಕಾಯಿಗಳನ್ನು ತುಳಿಯದೆ ನಡೆಯುವುದೇ ಒಂದು ದೊಡ್ಡ ಕೆಲಸವಾಗಿತ್ತು. ಶೆಡ್ಡಿಗೊಂದು, ಲಾರಿಗೊಂದು, ಹಿಟ್ಟಿನ ಗಿರಣಿಗೊಂದು, ಸಾಲದ್ದಕ್ಕೆ ಪಂಕ್ಚರ್ ಅಂಗಡಿಯವನ ಪಂಪಿಗೂ ಒಂದು ಅಂತ ಜನ ಒಡೆದು ಹಾಕಿದ್ದರು. ಬಿಳಿಯ ತಿರುಳಿಗೆ ಕುಂಕುಮ ಇಳಿದು, ಎರಡು ರಾತ್ರಿಯ ಮಂಜಿಗೆ ನೆನೆದು, ಬಿಳಿ ಎಲ್ಲಿ ಮುಗಿದು ಗುಲಾಬಿ ಎಲ್ಲಿ ಶುರುವಾಯಿತು, ಗುಲಾಬಿ ಎಲ್ಲಿ ಕಡುಗೆಂಪಾಯಿತು ಎಂದು ಹೇಳಲಾಗದಂತೆ ಬಣ್ಣ ಹರಡಿತ್ತು. ಶ್ಯಾಮಸುಂದರನಿಗೆ ಅದನ್ನು ನೋಡಿ ಮೈಯೆಲ್ಲ ಉರಿಯಿತು. ಪ್ಲಾಸ್ಟರಿನ ಮೂತ್ರಪಿಂಡದ ಮೇಲೆ ಈ ಬಣ್ಣವನ್ನು ಹೀಗೆ ಗೆರೆಯಿಲ್ಲದೆ ಇಳಿಸಲು ಅವನು ಏಳು ವರ್ಷದಿಂದ ಒದ್ದಾಡುತ್ತಿದ್ದ. ಚರಂಡಿ ಪಕ್ಕದ ಕುಂಬಳಕಾಯಿಗೆ ಅದು ಯಾರ ಹಂಗೂ ಇಲ್ಲದೆ ಬಂದುಬಿಟ್ಟಿತ್ತು. ಹೊರಡುವಾಗ ಹೆಂಡತಿ ವತ್ಸಲಾ, ಇವತ್ತಿನಿಂದ ಬಣ್ಣ ಊದುವ ಹೊಸ ಮಿಷನ್ನಿನಲ್ಲೇ ಕೆಲಸವಾ ಎಂದು ಸುಮ್ಮನೆ ಕೇಳಿದ್ದಕ್ಕೆ, ನಿನಗೆ ಯಾಕೆ ಅದೆಲ್ಲ ಎಂದು ರೇಗಿ, ಅರ್ಧ ತಟ್ಟೆ ಉಪ್ಪಿಟ್ಟು ಬಿಟ್ಟು ಎದ್ದುಬಂದಿದ್ದ. ಆ ಮಿಷನ್ನಿನ ಮೂತಿಯೊಳಗೆ ಎರಡು ದಿನದಿಂದ ಒಣಗುತ್ತಿರುವುದು ಏನು ಎಂಬುದು ಇಡೀ ಊರಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಚನ್ನವೀರಪ್ಪನವರ ಶೆಡ್ಡಿನಲ್ಲಿ ತಯಾರಾಗುತ್ತಿದ್ದದ್ದು ಶಾಲೆ ಕಾಲೇಜುಗಳಿಗೆ ಬೇಕಾದ ಮಾದರಿಗಳು. ಸೀಳಿದ ಕಣ್ಣು, ಬಿಚ್ಚಿ ಜೋಡಿಸುವ ಹೃದಯ, ಹಲ್ಲು, ಮೂತ್ರಪಿಂಡ. ಅಚ್ಚಿಗೆ ಪ್ಲಾಸ್ಟರ್ ಸುರಿಯುವವರು ಹಿಂದಿನ ಅಂಗಳದಲ್ಲಿದ್ದರು. ಬಣ್ಣದ ಕೋಣೆಯಲ್ಲಿ ಇಬ್ಬರೇ, ಅವನು ಮತ್ತು ಮುನಿತಾಯಮ್ಮ. ಅವನದು ಚಿತ್ರಕಲೆಯ ಡಿಪ್ಲೊಮಾ, ಜೇಬಿನಲ್ಲಿ ಪೆನ್ನು, ಬಣ್ಣಗಳ ಇಂಗ್ಲಿಷ್ ಹೆಸರುಗಳು ಬಾಯಿಪಾಠ. ಅವಳು ಅತ್ತಿಗುಪ್ಪೆಯವಳು, ಅವನಿಗಿಂತ ಹತ್ತು ವರ್ಷ ದೊಡ್ಡವಳು, ಅಚ್ಚು ತೊಳೆಯಲು ಸೇರಿ ಎಂಟು ವರ್ಷ ಸೋಡಾ ನೀರಿನಲ್ಲಿ ಕೈ ಅದ್ದಿದವಳು. ಒಂದು ದಿನ ಅವನು ರಜೆ ಹಾಕಿದ್ದಾಗ, ಅರ್ಜೆಂಟೆಂದು ಅವಳ ಕೈಗೆ ಒಂದು ಮೂತ್ರಪಿಂಡ ಕೊಟ್ಟಿದ್ದರು. ಅವಳು ಬ್ರಷ್ಷನ್ನು ಪಕ್ಕಕ್ಕಿಟ್ಟು ತೋರುಬೆರಳ ತುದಿಯನ್ನೇ ಹಸಿ ಬಣ್ಣದ ಮೇಲೆ ಒತ್ತಿ ಒತ್ತಿ ಎತ್ತಿದಳಂತೆ, ಮಗುವಿನ ಕೆನ್ನೆಗೆ ಪೌಡರ್ ಹಚ್ಚುವ ಹಾಗೆ. ಮಾರನೆಯ ದಿನ ಅವನು ಬಂದು ನೋಡಿದರೆ ಅದು ಮೇಜಿನ ಮೇಲೆ ಒದ್ದೆಯಾಗಿ, ಈಗಷ್ಟೇ ಯಾರದೋ ಮೈಯಿಂದ ತೆಗೆದಂತೆ ಕೂತಿತ್ತು. ಅವಳು ಅದನ್ನು ದೊಡ್ಡ ಅವರೆಕಾಳು ಎನ್ನುತ್ತಿದ್ದಳು. ಆಮೇಲೆ ಅವಳಿಗೆ ಬೆಳಕು ಬೇಕೆಂದು ಕಿಟಕಿಯ ಮೇಜು ಅವಳಿಗೆ ಹೋಯಿತು, ಅವನು ಒಳಗಿನ ಟ್ಯೂಬ್‌ಲೈಟಿನ ಕೆಳಗೆ ಬಂದ. ನಿಮಗೆ ಅಭ್ಯಾಸ ಇದೆ, ಎಲ್ಲಿ ಬೇಕಾದ್ರೂ ಮಾಡ್ತೀರಿ ಎಂದಿದ್ದರು ಚನ್ನವೀರಪ್ಪನವರು, ಮರ್ಯಾದೆಯಾಗಿಯೇ. ಆ ಮರ್ಯಾದೆಯನ್ನು ಅವನು ಇವತ್ತಿಗೂ ನುಂಗಿರಲಿಲ್ಲ.

ಊಟದ ಹೊತ್ತಿನಲ್ಲಿ ಅವಳು ಬುತ್ತಿ ಬಿಚ್ಚಿಕೊಂಡು ಏನಾದರೊಂದು ಹೇಳಿ ನಗುತ್ತಿದ್ದಳು. ಬಡಾವಣೆಗೆಂದು ಅವರ ಹೊಲ ಹೋದಾಗ ಕಚೇರಿಗೆ ಕರೆಸಿ ಹೆಬ್ಬೆಟ್ಟು ಒತ್ತಿಸಿದರಂತೆ. ಒತ್ತಿದರೆ ಬರೀ ಮಸಿಯ ಬೊಟ್ಟು, ಒಂದು ಗೆರೆಯೂ ಇಲ್ಲ. ಗುಮಾಸ್ತ ಮತ್ತೆ ಒತ್ತು ಅಂದ, ಮತ್ತೆ ಬೊಟ್ಟು. ಹತ್ತೂ ಬೆರಳು ಒತ್ತಿಸಿ, ಏನಮ್ಮ ನಿನಗೆ ದೇವರು ಬೆರಳನ್ನೇ ಬರೀಲಿಲ್ವಾ ಎಂದು ಬೈದನಂತೆ. ಕೊನೆಗೆ ಇಬ್ಬರು ಸಾಕ್ಷಿ ಬೇಕಾಯಿತಂತೆ, ಇವಳು ಇವಳೇ ಎನ್ನಲಿಕ್ಕೆ. ಅವಳು ನಕ್ಕಳು. ಶ್ಯಾಮಸುಂದರ ಚಪಾತಿ ಮುರಿಯುತ್ತಾ, ಇದರಲ್ಲಿ ನಗುವುದೇನಿದೆ, ಎಂಥ ದಡ್ಡ ಜನ ಎಂದುಕೊಂಡಿದ್ದ. ಹೀಗೆ ಎಲ್ಲದಕ್ಕೂ ನಗುವವಳ ಪಕ್ಕ ಕೂತು ಹೃದಯಕ್ಕೆ ನೀಲಿ ನಾಳ ಎಳೆಯಬೇಕಾಗಿ ಬಂದ ತನ್ನ ಹಣೆಬರಹವನ್ನು ನೆನೆದು ಅವನಿಗೆ ಅಂದು ಮಜ್ಜಿಗೆ ಅನ್ನ ಸೇರಲಿಲ್ಲ.

ಮೆಡಿಕಲ್ ಕಾಲೇಜಿನ ಪ್ರೊಫೆಸರು ಬಂದದ್ದು ಶ್ರಾವಣದಲ್ಲಿ. ಚನ್ನವೀರಪ್ಪನವರು ಹೊರಗೆ ಲಾರಿಯವನ ಹತ್ತಿರ ಮಾತಾಡುತ್ತಿದ್ದರು. ಪ್ರೊಫೆಸರು ಕಪಾಟಿನಿಂದ ಮುನಿತಾಯಮ್ಮ ಮಾಡಿದ ಒಂದು ಮೂತ್ರಪಿಂಡ ಎತ್ತಿಕೊಂಡು, ಕನ್ನಡಕ ಮೇಲೆ ತಳ್ಳಿ, ಮೂಗಿನ ಹತ್ತಿರ ತಂದು, ತಿರುಗಿಸಿ ತಿರುಗಿಸಿ ನೋಡಿದರು. ಇಂಗ್ಲಿಷಿನಲ್ಲಿ, ಇದನ್ನು ಮಾಡಿದವನಿಗೆ ಕಣ್ಣಿದೆ ಎಂದರು. ಪ್ಯಾಂಟು ಹಾಕಿ ಪೆನ್ನು ಸಿಕ್ಕಿಸಿಕೊಂಡು ಎದುರಿಗೆ ನಿಂತಿದ್ದವನು ಶ್ಯಾಮಸುಂದರ. ನೀವೇನಾ ಎಂದರು. ಅವನು ಸುಳ್ಳು ಹೇಳಲಿಲ್ಲ. ತಲೆಯನ್ನು ಒಂದಿಷ್ಟು ಬಗ್ಗಿಸಿ ಮುಗುಳ್ನಕ್ಕ, ಅಷ್ಟೆ. ಕಿಟಕಿಯ ಹತ್ತಿರ ಮುನಿತಾಯಮ್ಮ ಬಗ್ಗಿ ಕೆಲಸ ಮಾಡುತ್ತಲೇ ಇದ್ದಳು. ಇಂಗ್ಲಿಷ್ ಅವಳಿಗೆ ತಿಳಿಯದು ಎಂದು ಅವನು ಸಮಾಧಾನ ಮಾಡಿಕೊಂಡ. ಆ ಬಗ್ಗಿಸಿದ ತಲೆಯನ್ನು ಮತ್ತೆ ಎತ್ತಿಕೊಳ್ಳಲು ಅವನಿಗೆ ಆಗಲೇ ಇಲ್ಲ. ಪ್ರೊಫೆಸರು ಹೊರಗೆ ಹೋಗಿ ಯಜಮಾನರ ಹತ್ತಿರ ನಿಮ್ಮ ಆರ್ಟಿಸ್ಟ್ ಎಂದು ಅವನನ್ನೇ ಹೊಗಳಿದರು, ಇಪ್ಪತ್ತು ಮೂತ್ರಪಿಂಡ, ಐದು ಹೃದಯಕ್ಕೆ ಆರ್ಡರ್ ಕೊಟ್ಟರು, ಎಲ್ಲ ಇದರಂತೆಯೇ ಇರಬೇಕು ಎಂದರು. ಆ ಮೂತ್ರಪಿಂಡ ಗಾಜಿನ ಪೆಟ್ಟಿಗೆಯೊಳಗೆ ಸೇರಿತು. ಇಪ್ಪತ್ತನ್ನು ಕೈಯಲ್ಲೇ ಮಾಡುತ್ತಾ ಕೂತರೆ ದೀಪಾವಳಿಗೂ ಆಗುವುದಿಲ್ಲವೆಂದು ಚನ್ನವೀರಪ್ಪನವರು ಯೋಚಿಸಿ, ಗಾಳಿಯಲ್ಲಿ ಬಣ್ಣ ಊದುವ ಏರ್‌ಬ್ರಷ್ ಎಂಬುದೊಂದಿದೆಯಂತಲ್ಲ, ನೀವೇ ಹೋಗಿ ನೋಡಿ ತನ್ನಿ ಎಂದು ಅವನನ್ನು ಕಳಿಸಿದರು. ಹೊರಡುವಾಗ ಬಾಗಿಲ ತನಕ ಬಂದು ಒಂದು ಮಾತು ಸೇರಿಸಿದರು.

"ಇಬ್ಬರ ಕೈಗೂ ಹತ್ತೋ ಅಂಥದ್ದು ತನ್ನಿ ಶ್ಯಾಮಸುಂದರ್. ಮುನಿತಾಯಮ್ಮನೂ ಹಿಡೀಬೇಕು."

ಚಿಕ್ಕಪೇಟೆಯ ಓಣಿಯಲ್ಲಿ ಫೋಟೋ ಸಾಮಾನು ಮಾರುವ ಅಂಗಡಿಯವನು ಗಾಜಿನ ಮೇಲೆ ಹಳೆಯ ಟವೆಲ್ ಹಾಸಿ ಎರಡು ಏರ್‌ಬ್ರಷ್ ಇಟ್ಟಿದ್ದ. ಎರಡೂ ಹೊರದೇಶದ್ದು, ಎರಡೂ ಬೊಂಬಾಯಿಂದ ಬಂದದ್ದು. ಮೊದಲನೆಯದು ದಪ್ಪಗೆ, ಕೆಳಗೆ ಬಣ್ಣದ ಪುಟ್ಟ ಸೀಸೆ ನೇತುಹಾಕಿಕೊಂಡು, ಮೇಲೊಂದು ಗುಂಡಿ. ಗುಂಡಿ ಒತ್ತಿದರೆ ಗಾಳಿ ಬಂತು, ಗಾಳಿಯ ಜೊತೆಗೇ ಬಣ್ಣ ಬಂತು. ಎಷ್ಟು ಬಣ್ಣ ಬೇಕೆಂಬುದನ್ನು ಮೊದಲೇ ತಿರುಪು ತಿರುಗಿಸಿ ಇಟ್ಟುಕೊಂಡರೆ ಮುಗಿಯಿತು. ಎರಡನೆಯದು ಪೆನ್ನಿನಷ್ಟು ತೆಳ್ಳಗೆ, ನಿಕಲ್ ಹೊಳಪು, ಪಕ್ಕದಲ್ಲಿ ಬಣ್ಣಕ್ಕೆಂದು ಪೂಜೆಯ ಉದ್ಧರಣೆಯಷ್ಟು ಬಟ್ಟಲು. ಅದರ ಗುಂಡಿಯನ್ನು ಕೆಳಕ್ಕೆ ಒತ್ತಿದರೆ ಬರೀ ಗಾಳಿ, ಒತ್ತಿ ಹಿಡಿದುಕೊಂಡೇ ಹಿಂದಕ್ಕೆ ಎಳೆದರೆ ಬಣ್ಣ, ಎಷ್ಟು ಎಳೆದರೆ ಅಷ್ಟು. ಒಳಗೆ ಉದ್ದಕ್ಕೂ ಒಂದು ಸೂಜಿ, ತುದಿಯಲ್ಲಿ ಕೂದಲು ತೂರದಷ್ಟು ತೂತು. ಅಂಗಡಿಯವನು ಒಳ್ಳೆಯವನು, ಅದೇ ಶ್ಯಾಮಸುಂದರನಿಗೆ ಕಿರಿಕಿರಿ. ಮೊದಲ ಸಲ ಕೊಳ್ಳುವವರು ದಪ್ಪದ್ದನ್ನೇ ತಗೋಬೇಕು ಸಾರ್ ಎಂದ. ತೂತು ದೊಡ್ಡದು, ಗಟ್ಟಿ ಬಣ್ಣವನ್ನೂ ತಡೆದುಕೊಳ್ಳುತ್ತೆ, ಸೀಮೆಎಣ್ಣೆಯಲ್ಲಿ ಅದ್ದಿದರೆ ಸ್ವಚ್ಛ, ಒಂದು ಸಾಯಂಕಾಲದಲ್ಲಿ ಯಾರು ಬೇಕಾದರೂ ಕಲಿತಾರೆ. ತೆಳ್ಳಗಿನದು ಫೋಟೋ ತಿದ್ದುವವರಿಗೆ. ವರ್ಷ ಹಿಡಿಯುತ್ತೆ, ಸೂಜಿಯ ಮೊನೆ ಬಾಗಿದರೆ ಕತೆ ಮುಗೀತು, ತುದಿ ಒಡೆದರೆ ಇಲ್ಲಿ ಬಿಡಿಭಾಗವಿಲ್ಲ.

ಯಾರು ಬೇಕಾದರೂ. ಆ ಮಾತು ಶ್ಯಾಮಸುಂದರನ ಕಿವಿಯಲ್ಲಿ ಕೂತುಬಿಟ್ಟಿತು. ಅವನು ದಪ್ಪದ್ದನ್ನು ಕೈಗೆ ತೆಗೆದುಕೊಂಡ. ಬೆರಳು ತಾನಾಗಿ ಗುಂಡಿಯ ಮೇಲೆ ಹೋಗಿ ಕೂತಿತು, ಭಾರ ಹಿತವಾಗಿತ್ತು, ರದ್ದಿ ಕಾಗದದ ಮೇಲೆ ಮೊದಲ ಸಲಕ್ಕೇ ನಯವಾದ ಮೋಡದಂಥ ಬಣ್ಣ ಬಿತ್ತು. ಇದು ಸರಿಯಾದದ್ದು ಎಂದು ಅವನಿಗೆ ತಿಳಿಯಿತು. ತಿಳಿದ ಕೂಡಲೇ, ಕಿಟಕಿಯ ಮೇಜಿನಲ್ಲಿ ಮುನಿತಾಯಮ್ಮ ಇದನ್ನು ಹಿಡಿದು ಕೂತಿರುವುದು, ಸಾಯಂಕಾಲದ ಹೊತ್ತಿಗೆ ತನಗಿಂತ ಚೆನ್ನಾಗಿ ಊದುತ್ತಿರುವುದು, ಊದಿ ನಗುತ್ತಿರುವುದು ಕಣ್ಣಿಗೆ ಕಟ್ಟಿತು. ಅವನು ದಪ್ಪದ್ದನ್ನು ಟವೆಲಿನ ಮೇಲೆ ಇಟ್ಟು, ಇದು ಸೈಕಲ್ ಮಡ್ಗಾರ್ಡಿಗೆ ಸರಿ, ನಮ್ಮದು ವೈದ್ಯಕೀಯ ಕೆಲಸ ಎಂದ. ಅಂಗಡಿಯವನು ಇನ್ನೊಂದು ಸಲ ಯೋಚಿಸಿ ಸಾರ್ ಎಂದಾಗ, ತಾನು ಡಿಪ್ಲೊಮಾ ಹೋಲ್ಡರ್ ಎಂದು ಹೇಳಿದ. ಹೇಳುವಾಗ ಧ್ವನಿ ಎತ್ತರವಾಯಿತು. ತೆಳ್ಳಗಿನದನ್ನೇ ಕೊಂಡು ಶೆಡ್ಡಿಗೆ ಬಂದು ಯಜಮಾನರಿಗೂ ಅದೇ ಮಾತು ಒಪ್ಪಿಸಿದ. ದಪ್ಪದ್ದು ನಮ್ಮ ಕೆಲಸಕ್ಕೆ ಬರುವುದೇ ಇಲ್ಲ, ಇದು ಕಲಿತವರಷ್ಟೇ ಹಿಡಿಯುವಂಥದ್ದು. ಹಾಗಾದರೆ ಮುನಿತಾಯಮ್ಮ ಮತ್ತೆ ಅಚ್ಚು ತೊಳೆಯಲಿ ಎಂದರು ಚನ್ನವೀರಪ್ಪನವರು, ಕಾಗದದಿಂದ ತಲೆ ಎತ್ತದೆ. ಅವನು ಸುಮ್ಮನಿದ್ದ. ಸುಮ್ಮನಿರುವುದು ಅವನಿಗೆ ಪ್ರೊಫೆಸರರ ದಿನವೇ ಅಭ್ಯಾಸವಾಗಿತ್ತು.

ಕಿಟಕಿಯ ಮೇಜು ತಿರುಗಿ ಅವನದಾಯಿತು. ಆದರೆ ಆ ಕೊಳವೆ ಅವನ ಮಾತು ಕೇಳಲಿಲ್ಲ. ಗಾಳಿಗೆಂದು ಒಂದು ಲಾರಿಯ ಟ್ಯೂಬು ತರಿಸಿ ಊದಿಸಿ ಇಟ್ಟಿದ್ದರು. ಎಲ್ಲರೂ ಹೋದ ಮೇಲೆ ಹತ್ತು ಸಾಯಂಕಾಲ ಅವನು ಆ ಟ್ಯೂಬಿನ ಪಕ್ಕ ಕೂತು, ಹಳೆಯ ಪೇಪರಿನ ಮೇಲೆ ಒತ್ತಿದ, ಎಳೆದ. ಒತ್ತುವ ಮುಂಚೆ ಎಳೆದರೆ ಬಣ್ಣ ಉಗುಳಿತು. ಎಳೆದದ್ದು ಒಂದಿಷ್ಟು ಹೆಚ್ಚಾದರೆ ಬಣ್ಣ ಹರಿದು ಜೇಡರ ಹುಳುವಿನ ಹಾಗೆ ಎಂಟು ಕಾಲು ಚಾಚಿತು. ಮೂವತ್ತಾರನೆಯ ವಯಸ್ಸಿನಲ್ಲಿ ಡ್ರಾಯಿಂಗ್ ಮೇಷ್ಟರ ಮುಂದೆ ನಿಂತ ಹುಡುಗನಾಗಿ, ಪೇಪರಿನಲ್ಲಿದ್ದ ಮಂತ್ರಿಗಳ ಮುಖಕ್ಕೆಲ್ಲ ಕೆಂಪು ಜೇಡ ಬರೆದು, ಸಾಕ್ಷಿ ಇರಬಾರದೆಂದು ಸುಟ್ಟುಹಾಕುತ್ತಿದ್ದ. ಹಗಲು ಕೇಳಿದವರಿಗೆ ಹಬ್ಬದ ಮೇಲೆ ಶುರು ಮಾಡುತ್ತೇನೆ, ಪೂಜೆಯಾಗದೆ ಹೊಸ ಆಯುಧ ಮುಟ್ಟಬಾರದು ಎನ್ನುತ್ತಿದ್ದ. ಯಜಮಾನರಿಗೆ ಅದು ಭಕ್ತಿಯಾಗಿ ಕಂಡು ಮೆಚ್ಚಿಗೆಯಾಯಿತು.

ಆಯುಧಪೂಜೆಯ ದಿನ ದೇವಿಯ ಪಟದ ಮುಂದೆ ಚಾಪೆ ಹಾಸಿ ಶೆಡ್ಡಿನ ಸಾಮಾನನ್ನೆಲ್ಲ ಸಾಲಾಗಿ ಜೋಡಿಸಿದರು. ಕರಣಿ, ಅರ, ಕತ್ತರಿ, ಸುತ್ತಿಗೆ, ಬ್ರಷ್ಷುಗಳು, ಲಾರಿಯ ಟ್ಯೂಬು, ಕೊನೆಯಲ್ಲಿ ಮಖಮಲ್ಲಿನ ಪೆಟ್ಟಿಗೆ ತೆರೆದು ಏರ್‌ಬ್ರಷ್. ವಿಭೂತಿ ಕುಂಕುಮ ಇಡುವ ಕೆಲಸವನ್ನು ಚನ್ನವೀರಪ್ಪನವರು ಮುನಿತಾಯಮ್ಮನಿಗೆ ಹೇಳಿ, ಕಾಯಿ ತರಲು ಹೊರಗೆ ಹೋದರು. ಅವಳು ತಲೆಗೆ ಸ್ನಾನ ಮಾಡಿ, ಮಲ್ಲಿಗೆ ಮುಡಿದು ಬಂದಿದ್ದಳು. ತಟ್ಟೆಯಲ್ಲಿ ವಿಭೂತಿಯನ್ನು ನೀರಿಗೆ ಕಲಸಿಕೊಂಡು ಸಾಲಿನುದ್ದಕ್ಕೂ ಕುಕ್ಕರುಗಾಲಲ್ಲಿ ಸರಿಯುತ್ತಾ, ಒಂದೊಂದಕ್ಕೂ ಮೂರು ಬೆರಳಲ್ಲಿ ಅಡ್ಡ ಎಳೆದು ನಡುವೆ ಕುಂಕುಮ ಒತ್ತುತ್ತಾ ಬಂದಳು. ಸುತ್ತಿಗೆಗೆ ತಲೆಯ ಮೇಲೆ, ಕತ್ತರಿಗೆ ಕೀಲಿನ ಮೇಲೆ, ಟ್ಯೂಬಿಗೆ ಗಾಳಿ ಹಾಕುವ ಬಾಯಿಯ ಪಕ್ಕ. ಯಾವುದಕ್ಕೆ ಎಲ್ಲಿ ಎಂದು ಅವಳು ಯಾರನ್ನೂ ಕೇಳಲಿಲ್ಲ. ಏರ್‌ಬ್ರಷ್ಷಿನ ಮುಂದೆ ಬಂದಾಗ ಮಾತ್ರ ನಿಂತಳು. ವಿಭೂತಿ ತೊಟ್ಟಿಕ್ಕುವ ಬೆರಳನ್ನು ಮೇಲೆತ್ತಿ ಹಿಡಿದು, ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿದ್ದ ಶ್ಯಾಮಸುಂದರನ ಕಡೆ ತಿರುಗಿದಳು.

"ಸಾರ್, ಈ ಊದ್‌ಗೊಳವೆಗೆ ಹಣೆ ಯಾವುದು?"

ಕೇಳಿದ್ದರಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ಈ ಕೊಳವೆಯಿಂದಲೇ ಅವಳ ಮೇಜು ಹೋದದ್ದು, ಅದಕ್ಕೇ ಹಣೆ ಹುಡುಕಿ ಕುಂಕುಮ ಇಡಲು ಕೂತಿದ್ದಳು. ಅವನು ಸ್ಟೂಲಿನ ಮೇಲಿಂದ ಕೆಳಗೆ ನೋಡಿದ. ಆ ತೆಳ್ಳಗಿನ ಹೊಳೆಯುವ ವಸ್ತು, ಅದರ ತುದಿಯ ಕೂದಲು ತೂರದ ತೂತು, ಹತ್ತು ಸಾಯಂಕಾಲದ ಜೇಡರ ಹುಳುಗಳು. ಇದು ಕೆಟ್ಟರೆ ತನಗೆ ಬಾರದೆಂಬುದು ಯಾರಿಗೂ ಗೊತ್ತಾಗುವುದಿಲ್ಲ. ಕೆಡಿಸಿದವಳು ಅವಳಾಗುತ್ತಾಳೆ. ಎರಡು ಯೋಚನೆಯೂ ಒಟ್ಟಿಗೆ, ಬಹಳ ದಿನದಿಂದ ಬಾಗಿಲ ಹೊರಗೆ ಕಾದಿದ್ದಂತೆ, ಒಳಗೆ ಬಂದವು.

"ಮೂತಿಗೆ ಇಡು," ಎಂದ.

"ಮೂತಿಗಾ?"

"ಹ್ಞೂ. ಚೆನ್ನಾಗಿ ಇಡು."

ಚೆನ್ನಾಗಿ ಎಂದು ಹೇಳಬೇಕಾಗಿರಲಿಲ್ಲ. ಅವಳು ಕೊಳವೆಯನ್ನು ಎಡಗೈಯಲ್ಲಿ ಎತ್ತಿಕೊಂಡು, ಮೂಗುತಿ ಹಾಕಿಸುವಷ್ಟು ಜೋಪಾನವಾಗಿ, ಹಸಿ ವಿಭೂತಿಯನ್ನು ಅದರ ತುದಿಗೆ ಸುತ್ತಲೂ ಬಳಿದು, ಮೇಲೆ ಕುಂಕುಮ ಒತ್ತಿದಳು. ಆಮೇಲೆ ಎರಡೂ ಕೈ ಕಣ್ಣಿಗೊತ್ತಿಕೊಂಡಳು. ಎರಡು ದಿನದ ಹಬ್ಬ ಅವನು ಹೇಗೆ ಕಳೆದನೋ ಅವನಿಗೇ ಗೊತ್ತಿಲ್ಲ. ವತ್ಸಲಾ ಬನ್ನಿ ಸೊಪ್ಪು ಕೈಗೆ ಕೊಟ್ಟಾಗ ಅದನ್ನೂ ಮಡಚಿ ಜೇಬಿಗೆ ಹಾಕಿಕೊಂಡಿದ್ದ, ಅದು ಈಗಲೂ ಪೆನ್ನಿನ ಪಕ್ಕದಲ್ಲಿತ್ತು.

ಈ ದಿನ ಬೆಳಿಗ್ಗೆ ಶೆಡ್ಡಿನಲ್ಲಿ ಚನ್ನವೀರಪ್ಪನವರು ಅವನಿಗಿಂತ ಮೊದಲೇ ಬಂದು, ಕಿಟಕಿಯ ಮೇಜಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊದಲನೆಯದನ್ನು ಕಣ್ಣಾರೆ ನೋಡಿ ಹೋಗ್ತೀನಿ ಎಂದರು. ಹಿಂದಿನ ಅಂಗಳದಿಂದ ಮುನಿತಾಯಮ್ಮ ಅಚ್ಚು ತೊಳೆಯುವ ಸದ್ದು ಕೇಳುತ್ತಿತ್ತು. ಅವನು ಬಟ್ಟಲಿಗೆ ಬಣ್ಣ ಹಾಕಿದ, ಟ್ಯೂಬಿನ ತಿರುಪು ಬಿಟ್ಟ, ಒತ್ತಿದ. ಗಾಳಿ ಬುಸುಗುಟ್ಟಿತು. ಎಳೆದ. ಏನೂ ಬರಲಿಲ್ಲ. ಇನ್ನೂ ಎಳೆದ. ತುದಿಯಿಂದ ಒಂದು ಹನಿ ಕುಂಕುಮದ ನೀರು ಮೂತ್ರಪಿಂಡದ ಬಿಳಿಯ ಮೇಲೆ ಬಿತ್ತು. ಇದೆಲ್ಲ ಹೀಗೇ ಆಗುತ್ತದೆಂದು ಗೊತ್ತಿದ್ದೂ ಅವನ ಕಿವಿ ಬಿಸಿಯಾಯಿತು. ಯಜಮಾನರ ಕಣ್ಣು ಬೆನ್ನ ಮೇಲಿತ್ತು. ತುದಿಯನ್ನು ಬಿಚ್ಚಿ ನೆನೆಸಬೇಕು ಎಂಬುದು ತಿಳಿದಿತ್ತು, ಆದರೆ ಬಿಚ್ಚಲು ಹೋದರೆ ಕೆಲಸ ಬಾರದವನಂತೆ ಕಂಡೇನೆಂದು ಸೂಜಿಯ ಹಿಂದಿನ ತಿರುಪು ಸಡಿಲಿಸಿ ಸೂಜಿಯನ್ನೇ ಮುಂದಕ್ಕೆ ಬಲವಾಗಿ ತಳ್ಳಿದ. ಟಿಕ್ ಎಂದು ಸಣ್ಣ ಸದ್ದಾಯಿತು. ಅದು ಅವನೊಬ್ಬನಿಗೇ ಕೇಳಿಸಿತು. ಕಲ್ಲಾಗಿದ್ದ ವಿಭೂತಿ ಹಾಗೇ ಇತ್ತು, ತುದಿ ಮಾತ್ರ ಸೀಳಿತ್ತು.

ಚನ್ನವೀರಪ್ಪನವರು ಅದನ್ನು ಕೈಯಿಂದ ತೆಗೆದುಕೊಂಡು ಉಗುರಿನಲ್ಲಿ ಕೆರೆದರು. ಉಗುರಿಗೆ ಬಿಳಿ ಬಂತು, ಕೆಂಪು ಬಂತು. ಮುನಿತಾಯಮ್ಮನನ್ನು ಕರೆದರು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ಬಂದು ನಿಂತಳು. ಇಲ್ಲಿಗೆ ಯಾಕೆ ಇಟ್ಟೆ ಎಂದು ಅವರು ಕೇಳಿದರು, ಕೂಗಾಡಲಿಲ್ಲ, ಹಾಗಾಗಿ ಇನ್ನೂ ಕೆಟ್ಟದಾಗಿ ಕೇಳಿಸಿತು. ಯಾರಾದರೂ ಹೇಳಿದರಾ ನಿನಗೆ ಎಂದರು. ಅವಳು ಒಮ್ಮೆ ಶ್ಯಾಮಸುಂದರನ ಕಡೆ ನೋಡಿದಳು, ಮುಖವನ್ನಲ್ಲ, ಜೇಬಿನ ಪೆನ್ನನ್ನು.

"ಯಾರೂ ಹೇಳ್ಲಿಲ್ಲ ಯಜಮಾನ್ರೇ. ನಂಗೇ ತಿಳೀಲಿಲ್ಲ."

ಮನೆಗೆ ಹೋಗು, ಹೇಳಿ ಕಳಿಸುವವರೆಗೂ ಬರಬೇಡ ಎಂದರು ಅವರು. ಅವಳು ಬುತ್ತಿ ತೆಗೆದುಕೊಂಡಳು. ಬಣ್ಣ ಒತ್ತುವಾಗ ಬೆರಳು ಒರೆಸಿಕೊಳ್ಳುತ್ತಿದ್ದ ಹಳೆಯ ಸೀರೆಯ ತುಂಡೊಂದು ಮೊಳೆಗೆ ತೂಗುತ್ತಿತ್ತು. ಅದನ್ನು ತೆಗೆದು, ನಾಲ್ಕು ಮಡಿಕೆ ಮಡಚಿ, ಕಿಟಕಿಯ ಮೇಜಿನ ಮೂಲೆಯಲ್ಲಿಟ್ಟು ಹೋದಳು. ತನ್ನನ್ನು ಉಳಿಸಿದಳು ಎಂದು ಶ್ಯಾಮಸುಂದರನಿಗೆ ಕೃತಜ್ಞತೆಯೇನೂ ಹುಟ್ಟಲಿಲ್ಲ. ಹುಟ್ಟಿದ್ದು ದ್ವೇಷ. ಬಾಯಿಬಿಟ್ಟು ಹೇಳಿದ್ದರೆ ಅವನು ಇಲ್ಲವೆನ್ನಬಹುದಿತ್ತು, ಓದುಬರಹ ಇಲ್ಲದವಳ ಮಾತು ಎನ್ನಬಹುದಿತ್ತು. ಈಗ ಅವಳ ಋಣದಲ್ಲಿ ಬಿದ್ದಂತಾಯಿತು, ಅದನ್ನು ಅವಳು ಎಂದು ಕೇಳುತ್ತಾಳೋ ಎಂದು ಕಾಯಬೇಕಾಯಿತು. ಯಜಮಾನರು ಎದ್ದು ನಿಂತು, ಆದದ್ದಾಯಿತು ಎಂದರು. ಗಾಜಿನ ಪೆಟ್ಟಿಗೆ ತೆರೆದು ಆ ಮೂತ್ರಪಿಂಡವನ್ನು ಅವನ ಮುಂದೆ ಇಟ್ಟರು.

"ಪ್ರೊಫೆಸರು ಮೆಚ್ಚಿದ್ರಲ್ಲ, ಇದೇ ಥರ ಕೈಯಲ್ಲೇ ಮಾಡಿಬಿಡಿ. ಇಂಥಾ ಕೈ ಇಟ್ಕೊಂಡು ನಾವು ಮಿಷನ್ ಹಿಂದೆ ಹೋದ್ವಿ ನೋಡಿ."

ಅವರು ಹೋದ ಮೇಲೆ ಅವನು ಬಾಗಿಲು ಹಾಕಿಕೊಂಡು ಕೂತ. ಮೊದಲು ಬ್ರಷ್ಷಿನಲ್ಲಿ ಹಚ್ಚಿದ, ಗೆರೆ ಗೆರೆಯಾಗಿ ನಿಂತಿತು. ಒರೆಸಿದ. ತೋರುಬೆರಳನ್ನು ಬಣ್ಣಕ್ಕೆ ಅದ್ದಿ, ಅವಳು ಮಾಡುವುದನ್ನು ಎಷ್ಟು ಸಲ ಕದ್ದು ನೋಡಿದ್ದನೋ ಹಾಗೆಯೇ, ಮೆಲ್ಲಗೆ ಒತ್ತಿ ಎತ್ತಿದ. ಬಣ್ಣ ಹರಡಿತು, ಇಳಿಯಿತು, ನಿಜಕ್ಕೂ ಇಳಿಯಿತು. ಅವನ ಎದೆ ಹಗುರಾಯಿತು. ಇಷ್ಟೇನಾ ಇದು ಎಂದುಕೊಂಡು ಒಂದು ಪಕ್ಕ ಪೂರ್ತಿ ಮುಗಿಸಿ ಕಿಟಕಿಯ ಬೆಳಕಿಗೆ ಹಿಡಿದ. ಮೂತ್ರಪಿಂಡದ ಮೇಲೆಲ್ಲ ಬೆರಳ ಗುರುತು. ಸುರುಳಿ ಸುರುಳಿಯಾಗಿ, ಒಂದರ ಪಕ್ಕ ಒಂದು, ಸ್ಪಷ್ಟವಾಗಿ, ರಿಜಿಸ್ಟ್ರಾರರ ಮುಂದೆ ಒತ್ತಿದಷ್ಟು ಚೊಕ್ಕವಾಗಿ ಅವನದೇ ಗುರುತು. ಇನ್ನೂ ಹಗುರವಾಗಿ ಒತ್ತಿದ, ಎಣ್ಣೆ ಹಚ್ಚಿ ಒತ್ತಿದ, ಬಟ್ಟೆ ಸುತ್ತಿ ಒತ್ತಿದ. ಬಟ್ಟೆಯ ನೂಲು ಮೂಡಿತು. ಬೆರಳಿನ ಚರ್ಮವನ್ನು ಉಪ್ಪುಕಾಗದದಲ್ಲಿ ಉಜ್ಜಿದ, ರಕ್ತ ಜಿನುಗಿತೇ ಹೊರತು ಗೆರೆ ಹೋಗಲಿಲ್ಲ. ಏನಮ್ಮ ನಿನಗೆ ದೇವರು ಬೆರಳನ್ನೇ ಬರೀಲಿಲ್ವಾ. ಅವಳು ಬುತ್ತಿಯ ಮುಂದೆ ಕೂತು ನಕ್ಕದ್ದು ನೆನಪಾಗಿ, ಅವನು ಕೈಯಲ್ಲಿದ್ದದ್ದನ್ನು ಮೇಜಿನ ಮೇಲಿಟ್ಟ. ಎಂಟು ವರ್ಷದ ಸೋಡಾ ನೀರು, ಸುಣ್ಣ, ಪ್ಲಾಸ್ಟರು ಅವಳ ಬೆರಳನ್ನು ತಿಂದು ನುಣುಪು ಮಾಡಿದ್ದವು. ಗಾಜಿನ ಪೆಟ್ಟಿಗೆಯ ಮೂತ್ರಪಿಂಡದ ಮೇಲೆ ಯಾರ ಗುರುತೂ ಇರಲಿಲ್ಲ, ಹಾಗಾಗಿಯೇ ಅದನ್ನು ಅವನು ತನ್ನದೆಂದು ಹೇಳಿಕೊಳ್ಳಲು ಆಗಿತ್ತು.

ನಾಲ್ಕು ಗಂಟೆಗೆ ಬಂದ ಚನ್ನವೀರಪ್ಪನವರು ಗಾಜಿನ ಪೆಟ್ಟಿಗೆಯದನ್ನೂ ಅವನು ಮಾಡಿದ್ದನ್ನೂ ಒಂದೊಂದು ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಂತರು. ಅವನ ಕೆಂಪು ಬೆರಳನ್ನು ನೋಡಿದರು, ಮಡಚಿಟ್ಟ ಸೀರೆಯ ತುಂಡನ್ನು ನೋಡಿದರು. ಪ್ರೊಫೆಸರಿಗೆ ನೀವೇ ಮಾಡಿದ್ದು ಅಂತ ಹೇಳಿದ್ದಿರಾ ಎಂದು ಕೇಳಿದರು. ನಾನು ಏನೂ ಹೇಳಲಿಲ್ಲ ಎಂದ ಅವನು. ಅದು ನಿಜವೇ ಆಗಿತ್ತು. ಅವರು ಎರಡನ್ನೂ ಕೆಳಗಿಟ್ಟು, ನಾಳೆ ಬೆಳಿಗ್ಗೆ ಮುನಿತಾಯಮ್ಮ ಈ ಮೇಜಿನಲ್ಲಿ ಕೂತಿರಬೇಕು, ನೀವೇ ಹೋಗಿ ಕರೆದುಕೊಂಡು ಬನ್ನಿ, ಅವಳು ಬರದಿದ್ದರೆ ನೀವೂ ಬರುವುದು ಬೇಡ ಎಂದರು. ಮುರಿದ ಕೊಳವೆಯನ್ನು ಅವನ ಕಡೆ ತಳ್ಳಿ, ಇದನ್ನು ಅಂಗಡಿಯವನಿಗೆ ತೋರಿಸಿ ಎಂದರು. ಕಣ್ಣೆತ್ತಿ ನೋಡಲಿಲ್ಲ.

ಮಾಗಡಿ ರಸ್ತೆ ದಾಟಿ, ವಿಜಯನಗರದ ಹೊಸ ಮನೆಗಳು ಮುಗಿದ ಮೇಲೆ, ಅತ್ತಿಗುಪ್ಪೆಯ ಹೊಲಗಳ ನಡುವೆ ಸೈಟುಗಳ ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದರು. ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡ. ಯಜಮಾನರಿಗೆ ನಾನೇ ಹೇಳಿ ಒಪ್ಪಿಸಿದೆ ಎನ್ನಬೇಕು. ಕಿಟಕಿಯ ಮೇಜು ಬಿಟ್ಟುಕೊಡುತ್ತೇನೆ ಎನ್ನಬೇಕು. ಕ್ಷಮೆ ಎಂಬ ಮಾತು ಬಾರದಂತೆ ನೋಡಿಕೊಳ್ಳಬೇಕು. ಅವಳ ಮನೆ ಹಳೆಯ ಹಟ್ಟಿಯ ಕೊನೆಯಲ್ಲಿತ್ತು. ಅವಳು ಹಿತ್ತಿಲ ಗೋಡೆಗೆ ಬೆರಣಿ ತಟ್ಟುತ್ತಿದ್ದಳು, ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಅವನನ್ನು ಕಂಡು ಸೆರಗು ಸರಿಮಾಡಿಕೊಂಡಳು, ಕೂರಲು ಕಲ್ಲು ತೋರಿಸಿದಳು. ಅವನು ಕೂರಲಿಲ್ಲ. ಯಜಮಾನರು ಕರೆಯುತ್ತಿದ್ದಾರೆ, ಮೇಜು ನಿಮ್ಮದೇ, ನಾಳೆ ಬನ್ನಿ ಎಂದ. ಏಳು ವರ್ಷದಲ್ಲಿ ಮೊದಲ ಸಲ ಅವಳಿಗೆ ಬಹುವಚನ ಹಚ್ಚಿದ್ದು ಅವಳಿಗೂ ಗೊತ್ತಾಯಿತು. ಇನ್ನೊಂದು ಬೆರಣಿ ತಟ್ಟಿ, ಕೈ ಕೊಡವಿ, ಅವನ ಜೇಬಿನಲ್ಲಿ ಪೆನ್ನಿನ ಪಕ್ಕ ಹೊಳೆಯುತ್ತಿದ್ದ ಕೊಳವೆಯನ್ನು ನೋಡಿದಳು.

"ಬೆಳಿಗ್ಗೆ ನಾನು ನಿಮ್ಮ ಹೆಸರು ಯಾಕೆ ಹೇಳ್ಲಿಲ್ಲ ಗೊತ್ತಾ ಸಾರ್? ನಾನು ಕೇಳ್ದಾಗ ನಿಮಗೂ ತಿಳ್ದಿರ್ಲಿಲ್ಲ. ಓದಿದೋರು, ತಿಳೀದು ಅಂತ ಹೆಂಗೆ ಹೇಳ್ತೀರಿ, ಬಾಯಿಗೆ ಬಂದದ್ದು ಹೇಳಿಬಿಟ್ರಿ. ಯಜಮಾನ್ರ ಮುಂದೆ ನಿಮ್ಮ ಮರ್ಯಾದೆ ಯಾಕೆ ತೆಗೀಲಿ ಅಂತ ಸುಮ್ನಾದೆ."

ಅವನು ತಲೆ ಬಗ್ಗಿಸಿದರೆ ಸಾಕಿತ್ತು. ಪ್ರೊಫೆಸರರ ಮುಂದೆ ಬಗ್ಗಿಸಿದಷ್ಟೇ, ಒಂದಿಷ್ಟು. ಹೌದು ತಿಳಿದಿರಲಿಲ್ಲ ಎಂದರೆ ಅವಳು ನಗುತ್ತಿದ್ದಳು, ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು, ಎಲ್ಲ ಮೊದಲಿನಂತೆ ಆಗುತ್ತಿತ್ತು. ಆದರೆ ತಿಳಿದಿರಲಿಲ್ಲ ಎಂಬ ಮಾತು ಅವನ ಕೆನ್ನೆಗೆ ಬಂದು ಬಡಿಯಿತು. ಸಗಣಿ ಕೈಯ ಈ ಹೆಂಗಸು, ಅವನ ಅಜ್ಞಾನಕ್ಕೆ ಮರುಕಪಟ್ಟು, ಅವನನ್ನು ಬಚ್ಚಿಟ್ಟು ಕಾಪಾಡಿದ್ದಳು. ಅವನಿಗೆ ತಿಳಿಯದೆ? ಡಿಪ್ಲೊಮಾ ಮಾಡಿದವನಿಗೆ? ಕೈ ತಾನಾಗಿ ಜೇಬಿಗೆ ಹೋಗಿ ಕೊಳವೆಯನ್ನು ಎಳೆಯಿತು. ಜೊತೆಗೆ ಬಂದ ಬನ್ನಿ ಎಲೆ ಕೆಳಗೆ ಬಿತ್ತು. ಅವನು ಕೊಳವೆಯ ಹಿಂಬದಿಯ ಹಿಡಿಯನ್ನು ಬೆರಳಿಟ್ಟು ತೋರಿಸಿದ. ಕುಂಕುಮ ಇಡುವುದಾದರೆ ಇಲ್ಲಿ ಇಡಬೇಕು, ಇದು ಬರೀ ಹಿಡಿ, ಇಲ್ಲಿ ಏನು ಮೆತ್ತಿದರೂ ತೊಂದರೆಯಿಲ್ಲ. ಮೂತಿಗೆ ಮಾತ್ರ ಏನೂ ತಾಕಬಾರದು, ಧೂಳು ಕೂಡ. ಅದನ್ನು ತರುವ ದಿನವೇ ಅಂಗಡಿಯವನು ಹೇಳಿದ್ದ. ಅವನು ನಿಧಾನವಾಗಿ, ಬಿಡಿಸಿ ಬಿಡಿಸಿ, ಪಾಠ ಹೇಳುವ ದನಿಯಲ್ಲಿ ಹೇಳಿದ.

ಮುನಿತಾಯಮ್ಮ ಹಿಡಿಯನ್ನು ನೋಡಿದಳು. ಆಮೇಲೆ ಅವನ ಮುಖವನ್ನು ನೋಡಿದಳು, ಈ ಸಲ ಪೆನ್ನನ್ನಲ್ಲ.

"ಹಂಗಾದ್ರೆ ಗೊತ್ತಿತ್ತು," ಎಂದಳು.

ಅವಳು ಬುಟ್ಟಿಯಿಂದ ಇನ್ನೊಂದು ಮುದ್ದೆ ಸಗಣಿ ತೆಗೆದುಕೊಂಡು ಗೋಡೆಗೆ ತಟ್ಟಿದಳು. ಅಂಗೈಯೊತ್ತಿದ ಜಾಗದಲ್ಲಿ ಐದು ಬೆರಳು ನುಣುಪಾಗಿ ಮೂಡಿದವು. ಅವಳು ತಿರುಗದೆಯೇ ಮಾತಾಡಿದಳು.

"ಈಗ ನಂಗೆ ಹೇಳಿದ್ರಲ್ಲ, ಇದನ್ನೇ ಹೋಗಿ ಯಜಮಾನ್ರಿಗೂ ಹೇಳಿ. ಹೇಳಿದ್ಮೇಲೆ ಬಂದು ಕರೀರಿ. ಬರ್ತೀನಿ."

ಅವನು ಬಗ್ಗಿ ಬನ್ನಿ ಎಲೆಯನ್ನು ಹೆಕ್ಕಿಕೊಂಡ, ಎಲ್ಲಿಡಬೇಕೆಂದು ತಿಳಿಯಲಿಲ್ಲ. ಉಜ್ಜಿ ಗಾಯ ಮಾಡಿಕೊಂಡ ಬೆರಳು ಎಲೆ ತಾಗಿ ಉರಿಯಿತು. ಶೆಡ್ಡಿನಲ್ಲಿ ಯಜಮಾನರು ಆರು ಗಂಟೆಯವರೆಗೂ ಇರುತ್ತಾರೆ ಎಂದು ಅವನಿಗೆ ಗೊತ್ತಿತ್ತು.